ಎಂಜಿನ್ ಹೊಸದು, ಹೊಗೆ ಹಳೇದು

ಮೊದಲೇ ಹೇಳಿಬಿಡ್ತೀನಿ, ಹಳೇ ಪಿಕಪ್ ಟ್ರಕ್ಕಿಗೆ ಹೊಸ ಡೀಸೆಲ್ ಎಂಜಿನ್ ಕೂರಿಸೋದಕ್ಕೆ ನನ್ನ ತಕರಾರಿಲ್ಲ. 1956ರ ಫೋರ್ಡ್ ಎಫ್-100 ಆಗಲಿ, ಎಪ್ಪತ್ತರ ದಶಕದ ಶೆವರ್ಲೆ ಸಿ10 ಆಗಲಿ, ಗರ್ಭಗುಡಿಯ ವಿಗ್ರಹ ಅಲ್ಲ. ಹುಲ್ಲು, ಸಿಮೆಂಟು, ಮರದ ಹಲಗೆ ಹೊತ್ತು ತಿರುಗಿದ ದುಡಿಮೆಯ ಗಾಡಿ. 'ಮೂಲ ಎಂಜಿನ್ ಕಿತ್ತರೆ ಅಪಚಾರ' ಅನ್ನೋ ಮಡಿವಂತರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ಸಿಟ್ಟು ಬೇರೆಯದರ ಮೇಲೆ. ಹೊಸ ಡೀಸೆಲ್ ಎಂಜಿನ್ ಅಂತ ತರ್ತೀರಿ. ಅದನ್ನ ಹೊಸದು ಅನ್ನಿಸಿಕೊಳ್ಳೋ ಹಾಗೆ ಮಾಡಿದ ಭಾಗಗಳನ್ನೆಲ್ಲ ಕಿತ್ತು ಗುಜರಿಗೆ ಹಾಕ್ತೀರಿ. ಆಮೇಲೆ ಬಾನೆಟ್ ಎತ್ತಿ 'ನೋಡಿ, ಮಾಡರ್ನ್ ಡೀಸೆಲ್' ಅಂತ ಮೀಸೆ ತಿರುವ್ತೀರಿ. ಸಿಟ್ಟು ಬರೋದು ಅಲ್ಲಿ.

ನಾನು ಅಮೆರಿಕದ ಮಿಡ್‌ವೆಸ್ಟಿನಲ್ಲಿ ಡೀಸೆಲ್ ಹೊಗೆಯನ್ನು ಶುದ್ಧ ಮಾಡುವ ವ್ಯವಸ್ಥೆಗಳ ಮೇಲೆ ಕೆಲಸ ಮಾಡುವ ಎಂಜಿನಿಯರ್. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಈ ಕಡೆ ಎಂಜಿನ್ ಸ್ವಾಪ್ ದೊಡ್ಡ ಹವ್ಯಾಸ. ಗ್ಯಾರೇಜು, ಲಿಫ್ಟು, ವೆಲ್ಡಿಂಗ್ ಮೆಷಿನ್ನು ಮನೆಯಲ್ಲೇ ಇರುತ್ತೆ. ಈಗೀಗ ಕನ್ನಡ ಕೂಟದ ಪಿಕ್ನಿಕ್ಕಿನಲ್ಲೂ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಟಾರ್ಕ್ ಬಗ್ಗೆ ಮಾತಾಡೋ ಹುಡುಗರು ಸಿಗ್ತಾರೆ.

ಆಸೆ ನನಗೂ ಅರ್ಥ ಆಗುತ್ತೆ. ಹಳೇ ಪೆಟ್ರೋಲ್ ವಿ8 ಎಂಜಿನ್ನಿಗೆ ಕಾರ್ಬುರೇಟರ್. ಚಳಿಯಲ್ಲಿ ಚೋಕ್ ಎಳೆದು ಗೋಗರೆಯಬೇಕು, ಮೈಲೇಜ್ ಕೇಳೋ ಹಾಗಿಲ್ಲ. ಡೀಸೆಲ್ ಆದರೆ ಕಮ್ಮಿ ಆರ್‌ಪಿಎಮ್ಮಿನಲ್ಲೇ ಎಳೆತ, ದೀರ್ಘ ಆಯುಷ್ಯ. ಬ್ರೆಡ್ ಹಂಚುವ ವ್ಯಾನುಗಳಿಂದ ಕಳಚಿ ತಂದ ಕಮ್ಮಿನ್ಸ್ 4ಬಿಟಿ ಇಲ್ಲಿನ ಹವ್ಯಾಸಿಗಳ ಹಳೇ ಪ್ರೀತಿ. 1989ರಲ್ಲಿ ಡಾಡ್ಜ್ ಟ್ರಕ್ಕಿಗೆ ಬಂದ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಅದಕ್ಕೆ ದೊಡ್ಡಣ್ಣ. 2017ರಲ್ಲಂತೂ ಕಮ್ಮಿನ್ಸ್ ಕಂಪನಿ 161 ಅಶ್ವಶಕ್ತಿಯ 2.8 ಲೀಟರ್ ಎಂಜಿನ್ನನ್ನು ಇಂಥ ಹಳೇ ಗಾಡಿಗಳಿಗೆ ಅಂತಲೇ ಮಾರುಕಟ್ಟೆಗೆ ಬಿಟ್ಟಿತು.

ಈಗ ವಿಷಯಕ್ಕೆ ಬರೋಣ. ಇವತ್ತಿನ ಡೀಸೆಲ್ ಅಂದರೆ ಬರೀ ಕಬ್ಬಿಣದ ಬ್ಲಾಕ್ ಅಲ್ಲ, ಒಂದು ದೊಡ್ಡ ಸಂಸಾರ. ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಸಿಲಿಂಡರಿಗೆ ಕಳಿಸಿ, ಉರಿಯೋ ತಾಪ ಇಳಿಸಿ, ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡೋದು ಇಜಿಆರ್. ಕರಿ ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟು ಬೂದಿ ಮಾಡೋದು ಡಿಪಿಎಫ್ ಅನ್ನೋ ಫಿಲ್ಟರ್. ಉಳಿದ ನೈಟ್ರೋಜನ್ ಆಕ್ಸೈಡಿಗೆ ಯೂರಿಯಾ ದ್ರಾವಣ ಚಿಮುಕಿಸಿ, ನೈಟ್ರೋಜನ್ ಮತ್ತು ನೀರಾಗಿ ಒಡೆಯೋದು ಎಸ್‌ಸಿಆರ್. ಇವಿಷ್ಟನ್ನೂ ಕಾಯೋಕೆ ತಾಪದ, ಒತ್ತಡದ ಸೆನ್ಸರುಗಳು. ಇವರೆಲ್ಲರ ಯಜಮಾನ ಇಸಿಯು ಅನ್ನೋ ಕಂಪ್ಯೂಟರ್. ಅಮೆರಿಕದ ಡೀಸೆಲ್ ಪಿಕಪ್ಪುಗಳಿಗೆ 2007ರ ಮಾಡೆಲ್‌ಗಳಿಂದ ಡಿಪಿಎಫ್ ಬಂತು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಹೊಸ ಡೀಸೆಲ್ ಕಾರುಗಳಿಗೆ ಬಂತು. 2005ರ ಟ್ರಕ್ಕಿಗೂ 2015ರ ಟ್ರಕ್ಕಿಗೂ ಇರೋ ದೊಡ್ಡ ವ್ಯತ್ಯಾಸ ಈ ಹೊಗೆಕೊಳವೆಯಲ್ಲೇ ಇದೆ.

ಸ್ವಾಪ್ ಮಾಡೋರು ಏನು ಮಾಡ್ತಾರೆ? ಅಪಘಾತ ಆದ ಟ್ರಕ್ಕಿನಿಂದ ಎಂಜಿನ್ ಬಿಚ್ಚಿ ತರ್ತಾರೆ. ಡಿಪಿಎಫ್, ಎಸ್‌ಸಿಆರ್, ಯೂರಿಯಾ ಟ್ಯಾಂಕ್ ಎಲ್ಲ ಗುಜರಿ ಅಂಗಡಿಯಲ್ಲೇ ಬಿಟ್ಟು ಬರ್ತಾರೆ. ಸೆನ್ಸರ್ ಕಾಣದೇ ಇದ್ದರೆ ಇಸಿಯು ರಚ್ಚೆ ಹಿಡಿಯುತ್ತೆ, ಪವರ್ ಇಳಿಸುತ್ತೆ. ಅದಕ್ಕೆ 'ಡಿಲೀಟ್ ಟ್ಯೂನ್' ಅಂತ ಸಾಫ್ಟ್‌ವೇರ್ ಹಾಕಿಸ್ತಾರೆ. ಅದರ ಕೆಲಸ ಒಂದೇ: ಹೊಗೆ ಶುದ್ಧ ಮಾಡೋ ಸಾಮಾನು ಈ ಗಾಡಿಗೆ ಯಾವತ್ತೂ ಇರಲೇ ಇಲ್ಲ ಅಂತ ಕಂಪ್ಯೂಟರನ್ನ ನಂಬಿಸೋದು. ನಾನೊಮ್ಮೆ ಒಂದು ವರ್ಕ್‌ಶಾಪಿನಲ್ಲಿ ಕೊಟೇಶನ್ ಕೇಳಿದ್ದೆ. ಡಿಲೀಟ್‌ಗೆ ಬೇರೆ ದರ ಇರಲಿಲ್ಲ, ಪ್ಯಾಕೇಜಿನಲ್ಲೇ ಸೇರಿತ್ತು. ಡಿಪಿಎಫ್ ಸಮೇತ ಕೂರಿಸಿ ಅಂದಾಗ 'ಯಾಕೆ ಸಾರ್?' ಅನ್ನೋ ಹಾಗೆ ಮುಖ ನೋಡಿದರು.

ಇದನ್ನ ಹೇಳಿದ ತಕ್ಷಣ ವಾದಗಳು ಶುರುವಾಗುತ್ತವೆ. ಒಂದೊಂದಾಗಿ ನೋಡೋಣ.

'ಹಳೇ ಟ್ರಕ್ಕಿನಲ್ಲಿ ಅದಕ್ಕೆಲ್ಲ ಜಾಗ ಇಲ್ಲ.' ಚಿಕ್ಕ ಹ್ಯಾಚ್‌ಬ್ಯಾಕಿನ ಹೊಟ್ಟೆಯೊಳಗೆ ಡಿಪಿಎಫ್ ಕೂರುತ್ತೆ, ಎಂಟು ಅಡಿ ಬೆಡ್ ಇರೋ ಪಿಕಪ್ಪಿನ ಅಡಿಯಲ್ಲಿ ಕೂರಲ್ವಾ? ಫೈರ್‌ವಾಲ್ ಕತ್ತರಿಸಿ, ಎಂಜಿನ್ ಭಾರಕ್ಕೆ ಫ್ರೇಮ್ ಬಲಪಡಿಸಿ, ವಾರಗಟ್ಟಲೆ ವೈರಿಂಗ್ ಬಿಡಿಸಿದ ಕೈಗೆ ಒಂದು ಬ್ರಾಕೆಟ್ ವೆಲ್ಡ್ ಮಾಡೋದು ಕಷ್ಟವೇ? ಜಾಗಕ್ಕೇನೂ ಕೊರತೆ ಇಲ್ಲ ಸ್ವಾಮಿ, ಮನಸ್ಸಿಲ್ಲ ಅಷ್ಟೇ.

'ಹಳೇ ಪೆಟ್ರೋಲ್ ಎಂಜಿನ್ ಇದಕ್ಕಿಂತ ಗಲೀಜು.' ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಕಾರ್ಬುರೇಟರ್ ಎಂಜಿನ್ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದ ಪೆಟ್ರೋಲನ್ನೂ ಧಾರಾಳವಾಗಿ ಉಗುಳುತ್ತೆ. ಆದರೆ ಡೀಸೆಲ್ಲಿನ ವಿಷವೇ ಬೇರೆ: ಮಸಿಯ ಸೂಕ್ಷ್ಮ ಕಣ, ನೈಟ್ರೋಜನ್ ಆಕ್ಸೈಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2012ರಲ್ಲಿ. ಇನ್ನೊಂದು ಮಾತು. ಆ ಹಳೇ ವಿ8 ಗಾಡಿ ವರ್ಷದಲ್ಲಿ ಎಷ್ಟು ದಿನ ರಸ್ತೆಗೆ ಇಳಿಯುತ್ತಿತ್ತು? ಭಾನುವಾರ, ಪೆರೇಡು, ಕಾರ್ ಶೋ. ಎಂಜಿನ್ ಬದಲಾಯಿಸೋದರ ಉದ್ದೇಶವೇ ದಿನಾ ಓಡಿಸೋದು. ಓಟ ಹೆಚ್ಚಿದಷ್ಟೂ ಹೊಗೆ ಹೆಚ್ಚುತ್ತೆ.

'ನನ್ನ ಒಂದು ಟ್ರಕ್ಕಿನಿಂದ ಏನಾಗುತ್ತೆ?' ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅದು ಸ್ವಾಪ್ ಬಗ್ಗೆ ಅಲ್ಲ, ಹೊಸ ಡೀಸೆಲ್ ಪಿಕಪ್ಪುಗಳಲ್ಲಿ ಇದೇ ಸಾಮಾನು ಕಿತ್ತು ಹಾಕೋ ಚಾಳಿಯ ಬಗ್ಗೆ. ಸುಮಾರು ಹತ್ತು ವರ್ಷದಲ್ಲಿ 5 ಲಕ್ಷದ 50 ಸಾವಿರಕ್ಕೂ ಹೆಚ್ಚು ಟ್ರಕ್ಕುಗಳು. ಅವು ಉಗುಳುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ ಅಂದರೆ ರಸ್ತೆಗೆ ಇನ್ನೂ 90 ಲಕ್ಷ ಸರಿಯಾದ ಟ್ರಕ್ಕುಗಳನ್ನು ಇಳಿಸಿದ ಹಾಗೆ. ಅಷ್ಟೂ ಮಾಲೀಕರು ಹೇಳಿರೋದು ಇದೇ ಮಾತು: 'ನನ್ನ ಒಂದು ಟ್ರಕ್ಕು.'

'ಕಂಪನಿಗಳೇ ಮೋಸ ಮಾಡಲ್ವಾ?' ಮಾಡ್ತವೆ. 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ 1 ಕೋಟಿ 10 ಲಕ್ಷ ಕಾರುಗಳಲ್ಲಿ ಅಂಥ ಸಾಫ್ಟ್‌ವೇರ್ ಇದೆ ಅಂತ ಒಪ್ಪಿಕೊಂಡಿತು. ಈ ಹವ್ಯಾಸಿಗಳ ಕಣ್ಮಣಿ ಕಮ್ಮಿನ್ಸ್ ಕೂಡ ಇಂಥದ್ದೇ ಆರೋಪಕ್ಕೆ 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಕೊನೆಯಲ್ಲಿ ಒಪ್ಪಿತು. ಆಗ ನಾವೆಲ್ಲ ಟೀಕಿಸಿದ್ದು ಯಾಕೆ? ಕಂಪ್ಯೂಟರಿಗೆ ಸುಳ್ಳು ಹೇಳಿಕೊಟ್ಟು ಊರಿನ ಗಾಳಿ ಕೆಡಿಸಿದರು ಅಂತ. ಡಿಲೀಟ್ ಟ್ಯೂನ್ ಹಾಕಿಸಿಕೊಂಡವರು ಮಾಡಿದ್ದು ಬೇರೆ ಏನು? ಅವರು ದಂಡ ಕಟ್ಟಿದರು, ನೀವು ಸ್ಟಿಕ್ಕರ್ ಅಂಟಿಸಿಕೊಂಡಿರಿ.

ಬೆಂಗಳೂರಲ್ಲಿ ಕೂತು ಇದು ದೂರದ ದೇಶದ ಹುಚ್ಚು ಅಂದುಕೊಳ್ಳಬೇಡಿ. ಮಲೆನಾಡಿನಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡು ತೋಟಕ್ಕೆ ಓಡಾಡಿದವರು ಬಹಳ ಜನ. ಅವರು ಮಾಡಿದ್ದು ಪೆಟ್ರೋಲ್ ಖರ್ಚು ತಾಳಲಾರದೆ, ಆ ಕಾಲದ ಎಂಜಿನ್ನಿನಲ್ಲಿ ಕಿತ್ತು ಹಾಕೋಕೆ ಫಿಲ್ಟರೇ ಇರಲಿಲ್ಲ. ನಾನು ಹೇಳ್ತಿರೋದು ಅವರಿಗಲ್ಲ, ಐಟಿ ಸಂಬಳದಲ್ಲಿ ಬಿಎಸ್-6 ಗಾಡಿ ತಗೊಂಡು 'ಇಜಿಆರ್ ಬ್ಲಾಕ್ ಮಾಡಿಸಿದೆ ಗುರು, ಪಿಕಪ್ ಸೂಪರ್' ಅನ್ನೋರಿಗೆ. ನಮ್ಮ ಎಮಿಶನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ಅಳೆಯೋದು ಹೊಗೆ ಎಷ್ಟು ದಟ್ಟ ಅನ್ನೋದನ್ನ ಮಾತ್ರ, ನೈಟ್ರೋಜನ್ ಆಕ್ಸೈಡನ್ನಲ್ಲ. ಅದಕ್ಕೇ ನಿಮಗೆ ಸರ್ಟಿಫಿಕೇಟ್ ಸಿಗುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ನಿಂತವರಿಗೆ ಆ ಸರ್ಟಿಫಿಕೇಟಿನಿಂದ ಏನೂ ಪ್ರಯೋಜನ ಇಲ್ಲ.

ಹಾಗಾದರೆ ಏನು ಮಾಡಬೇಕು? ಕ್ಯಾಲಿಫೋರ್ನಿಯಾದ ನಿಯಮ ಸರಳವಾಗಿದೆ. ಹಾಕುವ ಎಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಜೊತೆ ಅದರ ಹೊಗೆ ನಿಯಂತ್ರಣದ ಸಾಮಾನು ಅಷ್ಟೂ ಬರಬೇಕು. ಇದನ್ನೇ ಹವ್ಯಾಸದ ಮರ್ಯಾದೆ ಅಂದುಕೊಳ್ಳಿ. ಎಂಜಿನ್ ತರೋದಾದರೆ ಇಡೀ ಸಂಸಾರ ತನ್ನಿ. ಅದು ತಲೆನೋವು ಅನ್ನಿಸಿದರೆ ಹಳೇ ವಿ8 ರಿಪೇರಿ ಮಾಡಿಸಿ ಭಾನುವಾರ ಓಡಿಸಿ. ಅದೂ ಬೇಡವಾದರೆ ವಿದ್ಯುತ್ ಮೋಟರ್ ಇದೆ. ಫೋರ್ಡ್ ಕಂಪನಿಯೇ 2021ರಲ್ಲಿ 1978ರ ಎಫ್-100ಕ್ಕೆ ಎರಡು ಮೋಟರ್ ಕೂರಿಸಿ ತೋರಿಸಿತು.

ಟ್ರಕ್ಕು ನಿಮ್ಮದು, ದುಡ್ಡು ನಿಮ್ಮದು, ಶ್ರಮವೂ ನಿಮ್ಮದೇ. ಹಿಂದಿನ ಕೊಳವೆಯಿಂದ ಹೊರಗೆ ಬರೋದು ಮಾತ್ರ ನಿಮ್ಮದಲ್ಲ, ಅದನ್ನ ಉಸಿರಾಡೋದು ನಾವೆಲ್ಲ.