ಕೇಳದೆ ಕೊಟ್ಟ ತೀರ್ಪು ತೀರ್ಪಲ್ಲ!



ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಂಗಡಿಯವರು ಬಿಲ್ ಪುಸ್ತಕ ಮಾಡಿಸಲು ಬರುತ್ತಾರೆ. ಕೆಲವರು ಕಿಸೆಯಿಂದ ಒಂದು ಕಾಗದ ತೆಗೆದು ಕೇಳುತ್ತಾರೆ: "ಹ್ವಾಯ್, ಇದ್ರಗೆ ಎಂತ ಬರ್ದಿತ್ತ್?" ತೆರಿಗೆ ನೋಟಿಸ್. ಅದೂ ಇಂಗ್ಲಿಷಿನಲ್ಲಿ! ಉತ್ತರಿಸಲು ಕೊಟ್ಟ ದಿನಗಳಲ್ಲಿ ಅರ್ಧ ಅದನ್ನು ಓದಿ ಹೇಳುವವರನ್ನು ಹುಡುಕುವುದರಲ್ಲೇ ಮುಗಿದಿರುತ್ತದೆ.

2025ರ ಜುಲೈ ತಿಂಗಳನ್ನು ಮರೆತಿರಾ? ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದವು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ ಸುಮಾರು 29 ಲಕ್ಷ ತೆರಿಗೆಯ ನೋಟಿಸ್. ಲೆಕ್ಕ ಹಾಕಿ, ನೂರಕ್ಕೆ ಹದಿನೆಂಟು! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಖಾತೆಗೆ ಬಂದ ಹಣಕ್ಕೆ ಬಾಯಿಲ್ಲ. ಅದು ಟೊಮೆಟೊ ಮಾರಿದ್ದೋ ಸಿಗರೇಟು ಮಾರಿದ್ದೋ ಎಂದು ಅದು ಹೇಳುವುದಿಲ್ಲ. ನನ್ನ ಪ್ರೆಸ್ಸಿನಲ್ಲೂ ಹಾಗೆಯೇ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮದುವೆ ಕಾಗದಕ್ಕೆ ಇದೆ. ಎರಡರ ದುಡ್ಡೂ ಬೀಳುವುದು ಒಂದೇ ಖಾತೆಗೆ. ವ್ಯತ್ಯಾಸ ಹೇಳಬೇಕಾದವನು ವ್ಯಾಪಾರಿ. ಅವನ ಮಾತು ಕೇಳದಿದ್ದರೆ ವಿನಾಯಿತಿ ಬರೀ ಕಾಗದದ ಹೂವು.

ನೋಟಿಸೇ ಅಂತಿಮವಲ್ಲ, ವಿವರಣೆ ಕೊಡಿ ಎಂದಿತು ಇಲಾಖೆ. ಸರಿ ಸ್ವಾಮಿ, ಯಾವ ಭಾಷೆಯಲ್ಲಿ? ಕೊನೆಗೆ ವ್ಯಾಪಾರಿಗಳು ರೊಚ್ಚಿಗೆದ್ದ ಮೇಲೆ, ಜುಲೈ 23ರಂದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು ಮುಖ್ಯಮಂತ್ರಿ ಸಿದ್ದರಾಮಯ್ಯ. ಸಂತೋಷ. ಆದರೆ ಇದು ಗಲಾಟೆಗೆ ಸಿಕ್ಕ ರಿಯಾಯಿತಿ. ಗಲಾಟೆ ಮಾಡಲಾಗದ ಒಬ್ಬಂಟಿ ಅಂಗಡಿಯವನ ಗತಿ ಏನು?

ಅವನಿಗಾಗಿಯೇ ಸಹಜ ನ್ಯಾಯವಿದೆ. ಆರೋಪ ತಿಳಿಸು, ಉತ್ತರ ಕೇಳು, ಕಾರಣ ಕೊಟ್ಟು ತೀರ್ಪು ಬರೆ. ಇಷ್ಟೇ. 2017ರ ಜಿಎಸ್‌ಟಿ ಕಾಯಿದೆಯ 75(4)ನೇ ಕಲಮು ಇದನ್ನೇ ಹೇಳುತ್ತದೆ: ಬರೆದು ಕೇಳಿದರೆ, ಅಥವಾ ವಿರುದ್ಧ ಆದೇಶ ಮಾಡುವುದಿದ್ದರೆ, ಖುದ್ದು ವಿಚಾರಣೆಗೆ ಅವಕಾಶ ಕೊಡಲೇಬೇಕು. ಆದೇಶದಲ್ಲಿ ಆಧಾರ ಬರೆಯಲೇಬೇಕು ಎನ್ನುತ್ತದೆ 75(6).

ನಾನು ಕೇಳುವುದು ಒಂದೇ ಪ್ರಶ್ನೆ. ಅರ್ಥವಾಗದ ಭಾಷೆಯಲ್ಲಿ ಆರೋಪ ತಿಳಿಸಿದರೆ ತಿಳಿಸಿದಂತಾಯಿತೇ? ಕಿವುಡನ ಮುಂದೆ ಕಿನ್ನರಿ ನುಡಿಸಿ ಕೇಳಿಸಿದೆ ಎಂದಂತೆ! 1963ರಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ರಾಜ್ಯದ ತೆರಿಗೆ ಇಲಾಖೆಗೆ ನೆಪ ಬೇಡ. ಕೇಂದ್ರದ ಕಥೆ ಇನ್ನೂ ಸೊಗಸು: 1976ರ ರಾಜಭಾಷಾ ನಿಯಮದಂತೆ ಹಿಂದಿ ಪತ್ರಕ್ಕೆ ಹಿಂದಿಯಲ್ಲೇ ಉತ್ತರ ಕೊಡಬೇಕು. ಕನ್ನಡದ ಪತ್ರಕ್ಕೆ ಆ ಭಾಗ್ಯವಿಲ್ಲ! ತೆರಿಗೆ ಮಾತ್ರ ಕನ್ನಡಿಗನದೂ ಬೇಕು.

ಆದರೂ ನಮ್ಮ ಕೈ ಬರಿದಲ್ಲ. ಸಂವಿಧಾನದ 350ನೇ ವಿಧಿಯಂತೆ ಯಾವ ಅಧಿಕಾರಿಗೇ ಆಗಲಿ ನಿಮ್ಮ ಅಹವಾಲನ್ನು ಕನ್ನಡದಲ್ಲೇ ಸಲ್ಲಿಸಬಹುದು.

ಯುವಕರೇ, ಧ್ವಜ ಹಿಡಿದದ್ದು ಸಾಲದು. ನಿಮ್ಮ ಬೀದಿಯ ಬೇಕರಿಯವನಿಗೆ, ಹೂವಿನವಳಿಗೆ ನೋಟಿಸ್ ಬಂದರೆ ಓದಿ ಹೇಳಿ. ಗಡುವಿನೊಳಗೆ ಕನ್ನಡದಲ್ಲಿ ಉತ್ತರ ಬರೆದುಕೊಡಿ. "ಖುದ್ದು ವಿಚಾರಣೆ ಬೇಕು" ಎಂಬ ಸಾಲು ಮರೆಯಬೇಡಿ. ಸ್ವೀಕೃತಿ ಪಡೆಯಿರಿ. ಆದೇಶ ತಪ್ಪಾಗಿದ್ದರೆ ಮೇಲ್ಮನವಿಗೆ ಮೂರು ತಿಂಗಳಿದೆ.

ಕೊಡಬೇಕಾದ ತೆರಿಗೆ ಕೊಡೋಣ. ಆದರೆ ನಮ್ಮ ಮಾತು ಕೇಳಿ ಕೇಳಿರಿ, ನಮ್ಮ ಭಾಷೆಯಲ್ಲಿ ಕೇಳಿರಿ!