ಬಾಕ್ಸ್ ಬಿಡಿ, ಚಿಪ್ ಹೆಸರು ಕೇಳಿ

1/6
"ಲಿನಕ್ಸ್‌ನಲ್ಲಿ ಈ ಕಾರ್ಡೆಲ್ಲ ಓಡಲ್ಲ ಗುರು, ಸುಮ್ನೆ ವಿಂಡೋಸ್ ಹಾಕ್ಕೋ." ಹಳೇ ಪಿಸಿಗೆ ನಾಲ್ಕೈದು ಹಾರ್ಡ್‌ಡಿಸ್ಕ್ ಜೋಡಿಸಿ ಮನೆಗೊಂದು ಸ್ಟೋರೇಜ್ ಮಾಡ್ಕೊಳ್ಳೋಣ ಅಂತ ಹೊರಟಿದ್ರೆ ಈ ಮಾತು ನೀವೂ ಕೇಳಿರ್ತೀರ. ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಸಾಲಲ್ಲ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಒಂದು ತರ್ತೀರ, ಹಾಕ್ತೀರ, ಡಿಸ್ಕ್ ಕಾಣಿಸಲ್ಲ. ಬೈಗುಳ ಲಿನಕ್ಸ್‌ಗೆ! ಒಪ್ಪಲ್ಲ ನಾನು. ಬಹಳಷ್ಟು ಸಲ ತಪ್ಪು ಲಿನಕ್ಸ್‌ದಲ್ಲ. ಒಳಗಿರೋ ಚಿಪ್ ಯಾವುದು ಅಂತ ಹೇಳದೇ ಮಾರೋರದ್ದು, ಕೇಳದೇ ಕೊಳ್ಳೋ ಅಭ್ಯಾಸದ್ದು.

2/6
ಕಾರ್ಡ್ ಮೇಲಿನ ಬ್ರ್ಯಾಂಡ್ ಹೆಸರು ಕರ್ನಲ್‌ಗೆ ಲೆಕ್ಕಕ್ಕೇ ಇಲ್ಲ. ಅದು ನೋಡೋದು ಚಿಪ್‌ನ ಗುರುತಿನ ನಂಬರ್. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಕೊಡಿ, ಜೊತೆಗೆ ಮೈನಸ್ ಎನ್‌ಎನ್‌ಕೆ ಸೇರಿಸಿ. ಎರಡು ಭಾಗದ ನಂಬರ್ ಬರುತ್ತೆ: ಮೊದಲನೇದು ಕಂಪನಿ, ಎರಡನೇದು ಚಿಪ್. ಕೆಳಗೆ ಯಾವ ಡ್ರೈವರ್ ಅದನ್ನ ನಡೆಸ್ತಿದೆ ಅಂತ ಇರುತ್ತೆ. ಡ್ರೈವರ್ ಸಾಲು ಇಲ್ವಾ? ಆಗ ಡ್ರೈವರ್ ಹುಡುಕಿ. ಪಟ್ಟಿಯಲ್ಲಿ ಕಾರ್ಡೇ ಇಲ್ವಾ? ಸ್ಲಾಟ್ ನೋಡಿ, ಬಯಾಸ್ ನೋಡಿ. ಈ ಜಗಳಕ್ಕೆ ಡ್ರೈವರ್ ಇನ್ನೂ ಬಂದೇ ಇಲ್ಲ.

ಎಎಸ್‌ಎಂ1166, ಜೆಎಂಬಿ585 ಥರದ ಚಿಪ್‌ಗಳು ಎಎಚ್‌ಸಿಐ ಅನ್ನೋ ಬಹಿರಂಗ ಸ್ಟ್ಯಾಂಡರ್ಡ್ ಪಾಲಿಸ್ತವೆ. ಅದರ ಡ್ರೈವರ್ ಕರ್ನಲ್ ಒಳಗೇ ಇದೆ. ಸಿಡಿ ಬೇಡ, ಡೌನ್‌ಲೋಡ್ ಬೇಡ.

3/6
ಬಾಕ್ಸ್ ಮೇಲೆ "ಲಿನಕ್ಸ್ ಸಪೋರ್ಟ್" ಅಂತ ಅಚ್ಚು ಹಾಕಿರ್ತಾರೆ. ಒಳಗೆ ನೋಡಿದ್ರೆ ಯಾವುದೋ ಹಳೇ ಕರ್ನಲ್‌ಗೆ ಮಾಡಿದ ಡ್ರೈವರ್. ಇದನ್ನ ಸಪೋರ್ಟ್ ಅನ್ನೋದು ಮೋಸ. ಕರ್ನಲ್ ಒಳಗಿನ ಡ್ರೈವರ್ ಇಂಟರ್‌ಫೇಸ್ ಬದಲಾಗ್ತಾನೇ ಇರುತ್ತೆ. ಅದು ಬೇಕಂತಲೇ ಇಟ್ಕೊಂಡಿರೋ ನೀತಿ, ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕರ್ನಲ್ ದಾಖಲೆಗಳಲ್ಲೇ ಇದನ್ನ ಬರೆದಿಟ್ಟಿದ್ದಾರೆ. ಕರ್ನಲ್ ಒಳಗಿರೋ ಡ್ರೈವರನ್ನ, ಇಂಟರ್‌ಫೇಸ್ ಬದಲಾಯಿಸಿದವರೇ ಸರಿಮಾಡ್ತಾರೆ. ಹೊರಗಿರೋದಕ್ಕೆ ದಿಕ್ಕು ಕಂಪನಿ ಒಂದೇ. ಕಂಪನಿ ಕೈಬಿಟ್ರೆ, ಒಂದು ಅಪ್‌ಡೇಟ್‌ಗೆ ನಿಮ್ಮ ಡಿಸ್ಕ್‌ಗಳೆಲ್ಲ ಮಾಯ.

4/6
ಮುಂದಿನ ಮೋಸ "ರೇಡ್" ಅನ್ನೋ ಪದ. ಅಗ್ಗದ ಕಾರ್ಡ್‌ಗಳಲ್ಲಿ ರೇಡ್ ಅಂದ್ರೆ ಬಹುಪಾಲು ಒಂದು ಬೂಟ್ ಮೆನು ಮತ್ತು ಒಂದು ಡ್ರೈವರ್ ಅಷ್ಟೇ. ಲೆಕ್ಕ ಮಾಡೋದು ನಿಮ್ಮ ಸಿಪಿಯುನೇ. ನಿಜವಾದ ಹಾರ್ಡ್‌ವೇರ್ ರೇಡ್ ಕಾರ್ಡ್ ಆದ್ರೆ ಇನ್ನೊಂದು ತೊಂದರೆ: ಡಿಸ್ಕ್ ಮೇಲೆ ತನ್ನದೇ ಭಾಷೆಯಲ್ಲಿ ಬರೆಯುತ್ತೆ. ಕಾರ್ಡ್ ಸತ್ತರೆ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹುಡುಕ್ತಾ ಅಲೀಬೇಕು. ಬ್ಯಾಟರಿ, ಬದಲಿ ಕಾರ್ಡ್ ಎಲ್ಲ ಇಟ್ಕೊಂಡಿರೋ ಡೇಟಾ ಸೆಂಟರ್‌ಗೆ ಅದು ಸರಿ. ನಿಮಗೆ ಯಾಕೆ?

ಲಿನಕ್ಸ್‌ನ ಎಂಡಿಎಡಿಎಂ ಬಳಸಿ ರೇಡ್ ಮಾಡಿದ್ರೆ, ಡಿಸ್ಕ್ ಕಿತ್ತು ಬೇರೆ ಲಿನಕ್ಸ್ ಪಿಸಿಗೆ ಹಾಕಿ, ಅಲ್ಲೂ ಜೋಡಿಸ್ಕೋಬಹುದು. ಕಾರ್ಡ್ ಕೆಲಸ ಡಿಸ್ಕ್‌ಗಳನ್ನ ಇದ್ದ ಹಾಗೇ ತೋರಿಸೋದು, ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಸೆಕೆಂಡ್‌ಹ್ಯಾಂಡ್ ಸರ್ವರ್ ಕಾರ್ಡ್ ಹುಡುಕ್ತಿದ್ರೆ, ಎಲ್‌ಎಸ್‌ಐ ಎಸ್‌ಎಎಸ್2008 ಚಿಪ್‌ನ 9211-8ಐ ಥರದ್ದು ನೋಡಿ, ಎಂಟು ಡಿಸ್ಕ್ ಹಿಡಿಯುತ್ತೆ. "ಐಟಿ ಮೋಡ್ ಫರ್ಮ್‌ವೇರ್ ಇದೆಯಾ?" ಅಂತ ಕೇಳಿ. ರೇಡ್ ಇಲ್ಲದ, ಡಿಸ್ಕ್‌ಗಳನ್ನ ನೇರ ಒಪ್ಪಿಸೋ ಫರ್ಮ್‌ವೇರ್ ಅದು. ಸರ್ವರ್‌ನ ಜೋರು ಗಾಳಿಗೆ ಮಾಡಿದ ಕಾರ್ಡ್ ಇದು, ಬಿಸಿಯಾಗುತ್ತೆ. ಹತ್ತಿರ ಒಂದು ಫ್ಯಾನ್ ಇಡಿ.

5/6
ಲಿನಕ್ಸ್‌ನಲ್ಲಿ ತೊಡಕೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕಾರ್ಡ್ ಹಾಕಿದ ಮೇಲೆ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರುಗಳು ಅದಲುಬದಲಾಗಬಹುದು. ಅದಕ್ಕೇ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಯುಯುಐಡಿ ಬರೀರಿ. ಕಾರ್ಡ್‌ನಲ್ಲಿರೋ ಡಿಸ್ಕ್‌ನಿಂದಲೇ ಬೂಟ್ ಮಾಡ್ಬೇಕಾದ್ರೆ ಅದರ ಡ್ರೈವರ್ ಇನಿಟ್‌ರ‍್ಯಾಮ್‌ಎಫ್‌ಎಸ್ ಒಳಗೆ ಇರಬೇಕು.

ಆದ್ರೆ ಚಿಪ್ ಮಾಡಿದ ತಪ್ಪಿಗೂ ಲಿನಕ್ಸನ್ನೇ ಬೈಬೇಡಿ. ಮಾರ್ವೆಲ್‌ನ 88ಎಸ್‌ಇ9230 ಚಿಪ್ ಮೆಮೊರಿ ಕೇಳುವಾಗ ತನ್ನ ಗುರುತು ಬಿಟ್ಟು ಬೇರೆ ಗುರುತು ಹೇಳ್ತಿತ್ತು, ಐಒಎಂಎಂಯು ಆನ್ ಇದ್ರೆ ಡಿಸ್ಕ್ ಸಿಗ್ತಿರ್ಲಿಲ್ಲ. ಅದಕ್ಕೆ ತೇಪೆ ಹಾಕಿದ್ದು ಕರ್ನಲ್‌ನವರು. ಇನ್ನು, ಪಿಸಿಐ ಎಕ್ಸ್‌ಪ್ರೆಸ್ 2.0 ಒಂದು ಲೇನ್ ಅಂದ್ರೆ ಸೆಕೆಂಡಿಗೆ ಹೆಚ್ಚಂದ್ರೆ 500 ಎಂಬಿ. ತಲಾ 200 ಎಂಬಿ ಓದೋ ನಾಲ್ಕು ಡಿಸ್ಕ್ ಒಟ್ಟಿಗೆ ಓಡಿದ್ರೆ 800 ಬೇಕು. ಇದು ಗಣಿತ, ಲಿನಕ್ಸ್ ನಿಧಾನ ಅಲ್ಲ.

6/6
ದುಡ್ಡು ಕೊಡೋ ಮುಂಚೆ ಮೂರೇ ಪ್ರಶ್ನೆ. ಚಿಪ್ ಯಾವುದು? ಡ್ರೈವರ್ ಕರ್ನಲ್ ಒಳಗೇ ಇದೆಯಾ? ಎಷ್ಟು ಲೇನ್? ಉತ್ತರ ಸಿಗ್ಲಿಲ್ಲ ಅಂದ್ರೆ ಎದ್ದು ಬನ್ನಿ. ಮುಜುಗರ ಬೇಡ, ಕೇಳೋದು ಗಿರಾಕಿಯ ಹಕ್ಕು. ಆ ಡಿಸ್ಕ್‌ನಲ್ಲಿ ಇರೋದು ಅಪ್ಪ-ಅಮ್ಮನ ಮದುವೆ ಫೋಟೋ, ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟು. ರೇಡ್ ಬ್ಯಾಕಪ್ ಅಲ್ಲ ಅನ್ನೋದೂ ನೆನಪಿರಲಿ, ಇನ್ನೊಂದು ಕಾಪಿ ಬೇರೆ ಕಡೆ ಇಡಿ.

ನಿಮ್ಮ ಕಾರ್ಡ್‌ನ ಚಿಪ್ ಯಾವುದು? ಕಾಮೆಂಟ್‌ನಲ್ಲಿ ಹಾಕಿ, ಮುಂದೆ ಕೊಳ್ಳೋರಿಗೆ ಅದೇ ದಾರಿದೀಪ.

#ಲಿನಕ್ಸ್ #ಕನ್ನಡದಲ್ಲಿಟೆಕ್ #ಚಿಪ್‌ಹೆಸರುಕೇಳಿ