ನಕಾಶೆಯಲ್ಲಿಲ್ಲದ ತೋಟಗಳು

ಅಂತರಜಾಲದ ನಕಾಶೆಯಲ್ಲಿ ‘ಅನಂತಪುರ’ ಎಂದು ಬರೆದು ಹುಡುಕಿದರೆ ಬಹುಮಟ್ಟಿಗೆ ಮೊದಲು ಬರುವುದು ಆಂಧ್ರದ ನಗರ. ಕಾಸರಗೋಡಿನ ಕುಂಬಳೆಯ ಬಳಿ ಸರೋವರದ ನಡುವೆ ದೇವಾಲಯವಿರುವ ಅನಂತಪುರವೂ ಒಂದುಂಟು. ಅಥಣಿ ಸೀಮೆಯ ನಮ್ಮ ಅನಂತಪುರವನ್ನು ಕಾಣಬೇಕಾದರೆ ಅಥಣಿಯ ಹೆಸರನ್ನೂ ಜೊತೆಗೆ ಹಚ್ಚಬೇಕು. ಇರಲಿ, ಶ್ರೀಮಂತನ ಹೆಸರಿಟ್ಟುಕೊಂಡ ಬಡವನಿಗೆ ಇದು ಇದ್ದುದೇ. ನನ್ನ ತಕರಾರು ಬೇರೆ.

ನಮ್ಮ ಸರಕಾರ ಈ ವಿಷಯದಲ್ಲಿ ಹಿಂದುಳಿದಿದೆಯೆಂದು ಯಾರೂ ಹೇಳಲಾರರು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಉತಾರಗಳೆಲ್ಲ ಗಣಕಯಂತ್ರಕ್ಕೆ ಸೇರಿದವು. ಈಗ ‘ದಿಶಾಂಕ್’ ಬಂದಿದೆ. ಹೊಲದಲ್ಲಿ ನಿಂತು ಫೋನು ತೆರೆದರೆ ಕಾಲ ಕೆಳಗಿನ ನೆಲದ ಸರ್ವೆ ನಂಬರು ಕಾಣುತ್ತದೆ. ನನ್ನ ತಂದೆಯವರಿಗೆ ಅಕ್ಷರ ಬಾರದು. ಆದರೆ 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಅವರ ಹೆಜ್ಜೆಯಲ್ಲಿಯೇ ಇದೆ. ಫೋನಿನಲ್ಲಿ ನಮ್ಮ ಹೊಲದ ಗೆರೆಗಳನ್ನು ತೋರಿಸಿದಾಗ ನಂಬರನ್ನು ಓದಲಾರದ ಅವರು ಹಳ್ಳದ ತಿರುವನ್ನು ಕಂಡು, “ಇದs ನಮ್ಮ ಬದು” ಎಂದರು. ಫೋನಿನ ಗುರುತು ಕೆಲವು ಮೀಟರು ಆಚೀಚೆ ಸರಿಯುವುದು ಸಹಜವಾದುದರಿಂದ ಬದುವಿನ ಜಗಳ ಅದರಿಂದ ತೀರದು. ಅದಕ್ಕೆ ಮೋಜಣಿದಾರರೇ ಬರಬೇಕು. ಆದರೂ ಓದುಬರಹವಿಲ್ಲದವನು ತನ್ನ ನೆಲವನ್ನು ತಾನೇ ಗುರುತಿಸಿದನಲ್ಲ, ಅದು ಸಣ್ಣ ಮಾತೇನು?

ಆದರೆ ಇದು ಕಂದಾಯದ ಕಣ್ಣು. ನೆಲ ಯಾರದೆಂದು ಇದಕ್ಕೆ ಗೊತ್ತು. ಜನ ಎಲ್ಲಿ ಮಲಗುತ್ತಾರೆಂದು ಗೊತ್ತಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಎಷ್ಟೋ ಕುಟುಂಬಗಳು ಊರೊಳಗಿಲ್ಲ, ತೋಟದಲ್ಲಿವೆ. ಒಂದೊಂದು ಮನೆತನದ ಹೆಸರಿಗೆ ಒಂದೊಂದು ತೋಟ. ಸರಕಾರಿ ಶಾಲೆಗಳ ಫಲಕದ ಮೇಲೆಯೂ ತೋಟದ ಹೆಸರೇ. ಅಂಚೆಯವನಿಗೆ ಇವೆಲ್ಲ ಬಾಯಿಪಾಠ. ಜಾಲದ ನಕಾಶೆಯಾದರೋ ಊರ ನಡುವೆ ಒಂದು ಚುಕ್ಕೆ ಇಟ್ಟು ಸುಮ್ಮನಾಗುತ್ತದೆ. ಕಳೆದ ಮಳೆಗಾಲ ನಮ್ಮ ನೆರೆಯ ತೋಟದ ಬಾಣಂತಿಯೊಬ್ಬರಿಗೆ ನಡುರಾತ್ರಿ ಮೈ ಬಿಸಿಯೇರಿತು. ಕರೆಸಿದ ಗಾಡಿ ಆ ಚುಕ್ಕೆಯನ್ನೇ ನಂಬಿ ಊರ ಅಗಸಿಗೆ ಹೋಗಿ ನಿಂತಿತು. ಚಾಲಕ ಪರವೂರಿನವನು. ಬ್ಯಾಟರಿ ಹಿಡಿದ ಹುಡುಗನೊಬ್ಬ ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಓಡಿಹೋಗಿ ಕರೆತರಬೇಕಾಯಿತು. ಆಕೆ ಉಳಿದರು. ಹುಡುಗ ಓಡಬಲ್ಲವನಾಗಿದ್ದ.

ಇದನ್ನೂ ಸರಕಾರವೇ ಮಾಡಲೆಂದು ಅರ್ಜಿ ಬರೆಯುವುದು ನಮಗೆ ರೂಢಿ. ನಾವೇ ಏಕೆ ಮಾಡಬಾರದು? 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕಾಶೆಯಲ್ಲಿ ಯಾರು ಬೇಕಾದರೂ ದಾರಿ ಬರೆಯಬಹುದು, ಹೆಸರನ್ನು ಕನ್ನಡದಲ್ಲಿಯೇ ಸೇರಿಸಬಹುದು. 2010ರಲ್ಲಿ ಹೈತಿ ದೇಶದಲ್ಲಿ ಭೂಕಂಪವಾದಾಗ ಅದನ್ನು ಕಣ್ಣಿನಿಂದ ಕಾಣದ ಜನ ಉಪಗ್ರಹದ ಚಿತ್ರ ನೋಡಿ ಪೋರ್ಟೊ ಪ್ರಿನ್ಸ್ ನಗರದ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದರು. ಪರಿಹಾರದವರು ಅದನ್ನೇ ಹಿಡಿದು ನಡೆದರು. ನಮಗೋ ನಮ್ಮ ತೋಟಗಳು ಕಣ್ಣು ಕಟ್ಟಿದರೂ ತಿಳಿದ ದಾರಿಗಳು! ನಕಾಶೆ ಬರೆಯಲು ಪೂರ್ವಾನುಮತಿ ಬೇಕಲ್ಲವೆ ಎಂದು ಗುರುಗಳೊಬ್ಬರು ಕೇಳಿದರು. ಭಾರತೀಯರಿಗೆ ಆ ಕಟ್ಟುಪಾಡನ್ನು ಕೇಂದ್ರ ಸರಕಾರ 2021ರ ಫೆಬ್ರುವರಿಯಲ್ಲಿಯೇ ಬಹುಪಾಲು ಸಡಿಲಿಸಿದೆ. ಮನೆಯೊಳಗಿನವರ ಹೆಸರು, ಫೋನು ನಂಬರುಗಳನ್ನು ಮಾತ್ರ ಬರೆಯಕೂಡದು. ತೋಟದ ಹೆಸರು, ಶಾಲೆ, ಮಳೆಗಾಲದಲ್ಲಿ ಗಾಡಿ ಹೋಗುವ ದಾರಿ, ಹೋಗದ ದಾರಿ, ಇಷ್ಟು ಸಾಕು. ಕೊನೆಯದನ್ನು ಉಪಗ್ರಹ ಹೇಳಲಾರದು, ಕೆಸರು ತುಳಿದವನೇ ಹೇಳಬೇಕು.

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಪ್ರತಿವರ್ಷ ಕಸ ಗುಡಿಸುತ್ತೇವೆ. ಮರುವಾರ ಅಲ್ಲಿ ಮತ್ತೆ ಕಸ. ಮುಂದಿನ ಶಿಬಿರದಲ್ಲಿ ಎರಡು ದಿನಗಳನ್ನು ಈ ಕೆಲಸಕ್ಕೆ ಕೊಡಬೇಕೆಂದು ನನ್ನ ಸೂಚನೆ. ಆ ಹೊತ್ತಿಗೆ ನಾನು ಇಲ್ಲಿನ ವಿದ್ಯಾರ್ಥಿಯಾಗಿರುವುದಿಲ್ಲ. ಆದರೆ ನಮ್ಮ ಕಡೆಯ ದಾರಿಗಳಿಗೆ ಕರೆದರೆ ಬರುತ್ತೇನೆ.